ಪಾಪಾಸುಕಳ್ಳಿ ಬಣ್ಣದ ನೀರು

ನಾನು ಟೀಚರಮ್ಮನಾಗಿ ಸೇರಿಕೊಂಡ ಊರಿನಲ್ಲಿ ಯಾರ ಮನೆಯಲ್ಲಿ ಯಾವ ಬಣ್ಣದ ಸೀರೆ ನೇಯುತ್ತಿದ್ದಾರೆಂದು ತಿಳಿಯಲು ಒಳಗೆ ಹೋಗಿ ನೋಡಬೇಕಾಗಿರಲಿಲ್ಲ. ಬೀದಿಯ ಮೋರಿ ನೋಡಿದರೆ ಸಾಕಿತ್ತು. ಒಂದು ವಾರ ಗಿಳಿಹಸಿರು, ಇನ್ನೊಂದು ವಾರ ಈರುಳ್ಳಿ ಸಿಪ್ಪೆಯ ಬಣ್ಣ, ಹಬ್ಬ ಹತ್ತಿರ ಬಂದರೆ ಎಲ್ಲವೂ ಸೇರಿ ಹೆಸರಿಲ್ಲದ ಇನ್ನೊಂದು. ನೇಕಾರರ ಬೀದಿಯ ಕೋಳಿಗಳ ಕಾಲುಗಳು ವಾರಕ್ಕೊಂದು ಬಣ್ಣಕ್ಕೆ ತಿರುಗುತ್ತಿದ್ದವು. ದೊಡ್ಡಬಳ್ಳಾಪುರದ ಕಡೆಯ ಸಣ್ಣ ಪೇಟೆ ಅದು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಊರಿನ ಅರ್ಧ ಜನ ಮಗ್ಗದವರು, ಉಳಿದರ್ಧ ಹೊಲದವರು. ಇಬ್ಬರೂ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತ ಬಹಳ ಸುಖವಾಗಿದ್ದರು.

ನಾನಿದ್ದದ್ದು ದೊಡ್ಡಮ್ಮನ ಮನೆಯಲ್ಲಿ. ನನ್ನ ಅವ್ವನ ಅಕ್ಕ. ಮಕ್ಕಳಿರಲಿಲ್ಲ, ದೊಡ್ಡಪ್ಪ ಸತ್ತು ಬಹಳ ವರ್ಷವಾಗಿತ್ತು. ಕೆರೆ ಏರಿಯ ಕೆಳಗೆ ಒಂದು ತುಂಡು ಜಮೀನು, ಅದರ ಮೂಲೆಯಲ್ಲಿ ಹೆಂಚಿನ ಮನೆ, ಮನೆಯ ಹಿಂದೆ ಕಲ್ಲು ಕಟ್ಟಿದ ಬಾವಿ, ಸುತ್ತಲೂ ಪಾಪಾಸುಕಳ್ಳಿಯ ಬೇಲಿ. ಆ ಜಮೀನಿನಲ್ಲಿ ಕನಕಾಂಬರ, ಬದನೆ, ಸೊಪ್ಪು ಬೆಳೆದು, ತಲೆಯ ಮೇಲೆ ಹೊತ್ತು, ಬೀದಿ ಬೀದಿ ತಿರುಗಿ ಮಾರುತ್ತಿದ್ದಳು. ಸೊಪ್ಪಿನ ಜೊತೆಗೆ ಸುದ್ದಿಯನ್ನೂ ಕೊಟ್ಟು ಬರುತ್ತಿದ್ದಳು, ಅದನ್ನು ಮಾತ್ರ ಬಿಟ್ಟಿಯಾಗಿ. ದೊಡ್ಡಪ್ಪ ಹೋದ ಮೇಲೆ ಅವಳು ಉಡುತ್ತಿದ್ದ ಸೀರೆಗಳು ಎರಡೇ ಬಣ್ಣದವು. ಒಂದು ಬೂದಿಯ ಬಣ್ಣ, ಇನ್ನೊಂದು ಮಣ್ಣಿನ ಬಣ್ಣ. ನಾಲಿಗೆಯ ಬಣ್ಣ ಮಾತ್ರ ಮಾಸಿರಲಿಲ್ಲ.

ಆ ಬಾವಿಯ ವಿಷಯ ಹೇಳಬೇಕು, ಏಕೆಂದರೆ ಇಡೀ ಕಥೆ ಅದರೊಳಗಿದೆ. ಅದು ಕೆರೆಯನ್ನು ನಂಬಿಕೊಂಡಿದ್ದ ಬಾವಿ. ಕೆರೆ ತುಂಬಿದರೆ ಏರಿಯ ಕೆಳಗಿನಿಂದ ನೀರು ಒಸರಿ ಬಾವಿ ತುಂಬುತ್ತಿತ್ತು. ಆದರೆ ಊರಿನಾಚೆ ಹೊಸ ರಸ್ತೆ ಎತ್ತರಿಸಿ ಹಾಕಿದಾಗ, ಬೆಟ್ಟದ ಕಡೆಯಿಂದ ಕೆರೆಗೆ ಬರುತ್ತಿದ್ದ ಹಳ್ಳ ರಸ್ತೆಯ ಆಚೆಯೇ ನಿಂತುಬಿಟ್ಟಿತು. ಕೆರೆ ಒಣಗಿ, ಹುಡುಗರು ಅದರಲ್ಲಿ ಚಿನ್ನಿದಾಂಡು ಆಡತೊಡಗಿದರು. ಬಾವಿಯೂ ಒಣಗಿತು. ಬಾವಿಯ ಗೋಡೆಯ ಗೂಡುಗಳಲ್ಲಿ ಪಾರಿವಾಳಗಳು ಬಂದು ಸಂಸಾರ ಹೂಡಿದವು. ಬೆಳಿಗ್ಗೆ ಎದ್ದರೆ ಬಾವಿಯೊಳಗಿನಿಂದ ಗುಟುರು ಗುಟುರು ಎಂಬ ಸದ್ದು. ದೊಡ್ಡಮ್ಮ ಬಗ್ಗಿ ನೋಡಿ, "ಬಾಡಿಗೆ ಕೊಡ್ದೆ ಕೂತವೆ ನೋಡು, ರಂಡೆಗಂಡ್ರು," ಎಂದು ಬಯ್ಯುತ್ತಿದ್ದಳು.

ಯುಗಾದಿಗೆ ಅವಳ ಮೈದುನ ಬೆಂಗಳೂರಿನಿಂದ ಬಂದ. ಯಾವುದೋ ಕಾರ್ಖಾನೆಯಲ್ಲಿ ಕೆಲಸ, ಇಬ್ಬರು ಸಣ್ಣ ಮಕ್ಕಳು, ಹೆಂಡತಿಗೆ ಸದಾ ತಲೆನೋವು. ಕೆಟ್ಟವನೇನಲ್ಲ. ಅತ್ತಿಗೆ ಬಂದರೆ ಅಡುಗೆಗೆ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಆಯಿತೆಂಬ ಲೆಕ್ಕ ಅವನದು. ಬಾವಿಕಟ್ಟೆಯ ಮೇಲೆ ಕುಳಿತು ಒಬ್ಬಟ್ಟು ತಿನ್ನುತ್ತ ಮಾತು ತೆಗೆದ.

"ಅತ್ತಿಗೆ, ಇನ್ನು ಇಲ್ಲಿ ಏನಿದೆ ಹೇಳಿ? ದೀಪಾವಳಿ ಹೊತ್ತಿಗೆ ಬಂದ್ಬಿಡಿ. ಈ ಜಾಗಕ್ಕೂ ಯಾರಾದ್ರೂ ಸಿಕ್ತಾರೆ."

"ಬರ್ತೀನಿ ಕಣಪ್ಪಾ," ಎಂದಳು ದೊಡ್ಡಮ್ಮ. "ಆದ್ರೆ ಒಂದು. ಈ ಪಾರಿವಾಳಗಳು ಇವೆಯಲ್ಲ, ದೀಪಾವಳಿಗೆ ಅವು ಬಾವೀಲೇ ಇದ್ರೆ ನಾನು ಬರ್ತೀನಿ. ನೀರು ಬಂದು ಅವು ಎದ್ದು ಹೋದ್ರೆ ನಾನು ಬರಲ್ಲ."

ಅವನು ನಕ್ಕು ಒಪ್ಪಿಕೊಂಡ. ಒಣಗಿದ ಕೆರೆಯನ್ನು ನೋಡಿದವರು ಯಾರಾದರೂ ಒಪ್ಪಿಕೊಳ್ಳುತ್ತಿದ್ದರು. ಕೆರೆಯ ಮೇಲಿನ ಗಾಳಿ, ಬೀದಿಯ ಮಾತು, ಸ್ವಂತ ಒಲೆ ಇವಿಷ್ಟೂ ಇಲ್ಲದ ದೊಡ್ಡಮ್ಮನನ್ನು ಯಾರದೋ ಅಡುಗೆಮನೆಯ ಮೂಲೆಯಲ್ಲಿ ಊಹಿಸಿಕೊಂಡು ನನಗೆ ಅಳು ಬಂತು. ಅಡುಗೆಮನೆಗೆ ಹೋಗಿ ಹೊಗೆಯ ನೆಪದಲ್ಲಿ ಅತ್ತೆ.

ಆಗಲೇ ಪುರಸಭೆಗೆ ಹೊಸದಾಗಿ ಒಬ್ಬ ಓವರ್‌ಸಿಯರ್ ಬಂದಿದ್ದ. ಮಾತು ಕಡಿಮೆ, ಛತ್ರಿ ಯಾವಾಗಲೂ ಕಂಕುಳಲ್ಲಿ. ಮಳೆ ಬಂದರೆ ಊರಿನ ಎಲ್ಲ ಬೀದಿಗಳ ನೀರು ದೊಡ್ಡ ಮೋರಿಗೆ ಸೇರಿ ಸುಮ್ಮನೆ ಊರಾಚೆಯ ಬೀಳು ನೆಲಕ್ಕೆ ಹರಿದು ಹೋಗುವುದನ್ನು ಅವನು ನೋಡಿದ. ಅದನ್ನೇ ಕೆರೆಗೆ ತಿರುಗಿಸೋಣ ಎಂದ. ಹಾಗೇ ಅಲ್ಲ, ತೊಳೆದು. ಕೆರೆಯ ಅಂಗಳದ ಪಕ್ಕದಲ್ಲಿ ಸಾಲಾಗಿ ಗುಂಡಿಗಳು. ಮೊದಲನೆಯದರಲ್ಲಿ ಕಸ ಕಡ್ಡಿ ನಿಲ್ಲಬೇಕು, ಎರಡನೆಯದರಲ್ಲಿ ಮಣ್ಣು ತಳ ಸೇರಬೇಕು, ಮೂರನೆಯದರಲ್ಲಿ ಜಲ್ಲಿ, ಮರಳು, ಇದ್ದಲು ಹಾಸಿ ನೀರು ಅದರೊಳಗೆ ಇಳಿದು ಬರಬೇಕು. ಅಲ್ಲಿಂದ ಜೊಂಡು ಬೆಳೆಸಿದ ಕಾಲುವೆಯಲ್ಲಿ ನಿಧಾನವಾಗಿ ಹರಿದು ಕೆರೆಗೆ. ವರ್ಷದ ಮೊದಲ ಮಳೆಗಳು ಬೀದಿ ತೊಳೆಯಲಿಕ್ಕೆ, ಅವನ್ನು ಎಂದಿನಂತೆ ಬೀಳಿಗೇ ಬಿಡುವುದು; ಆಮೇಲಿನದು ಕೆರೆಗೆ.

ಊರಿನ ಹೆಂಗಸರು ಮೂಗು ಮುಚ್ಚಿಕೊಂಡರು. ಬೀದಿ ನೀರನ್ನು ಕೆರೆಗೆ ಬಿಡುವುದೇ? ಆದರೆ ಮೂಗು ಮುಚ್ಚಿಕೊಂಡವರಿಗೂ ಒಂದು ಆಸೆಯಿತ್ತು. ಕೆರೆ ಒಣಗಿದ ಮೇಲೆ ಊರಿನವರು ಅಡುಗೆಗೆ ಬಳಸುತ್ತಿದ್ದದ್ದು ಪೇಟೆ ನಡುವಿನ ಬಾವಿಯ ಗಡಸು ನೀರು. ಅದರಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಎಷ್ಟು ಸೌದೆ ಉರಿಸಿದರೂ ಬೇಳೆ ಒಂದು ಕಡೆ, ನೀರು ಒಂದು ಕಡೆ, ಗಂಡ ಹೆಂಡಿರ ಜಗಳವಾದ ಮನೆಯ ಹಾಗೆ. ಕೆರೆಯ ನೀರಿನಲ್ಲಿ ಒಂದು ಕುದಿಗೆ ಬೆಣ್ಣೆಯಾಗುತ್ತಿದ್ದ ಬೇಳೆಯನ್ನು ನೆನೆದು ಆ ಊರಿನ ಹೆಂಗಸರು ನಿಟ್ಟುಸಿರು ಬಿಡುತ್ತಿದ್ದರು. ನಮ್ಮ ಸೀಮೆಯಲ್ಲಿ ನೀರು ಒಳ್ಳೆಯದೋ ಅಲ್ಲವೋ ಎಂದು ಹೇಳುವುದು ಬೇಳೆಯೇ ಹೊರತು ಬೇರೆ ಯಾವ ಡಾಕ್ಟರೂ ಅಲ್ಲ.

ಪುರಸಭೆಯ ಮುಂದೆ ಅರಳಿಕಟ್ಟೆಯ ಬಳಿ ಸಭೆ ಸೇರಿತು. ಯೋಜನೆಯನ್ನು ಜೋರಾಗಿ ವಿರೋಧಿಸಿದವರು ನೇಕಾರರ ಬೀದಿಯ ಮೆಂಬರು. ಅವರಿಗೆ ಹತ್ತಾರು ಮಗ್ಗ, ನೂಲಿಗೆ ಬಣ್ಣ ಹಾಕುವ ಸ್ವಂತ ಬಣ್ಣದ ಮನೆ, ಇವುಗಳ ಜೊತೆಗೆ ಒಂದು ಬಸ್ಸು. ಆ ಬಸ್ಸು ನಿಲ್ಲಲು ಊರಿನಲ್ಲಿ ಜಾಗವಿರಲಿಲ್ಲ. ಒಣಗಿದ ಕೆರೆಯಂಗಳ ಅವರ ಕಣ್ಣಿಗೆ ಬಸ್ ಸ್ಟ್ಯಾಂಡಿನಂತೆಯೇ ಕಾಣುತ್ತಿತ್ತು.

"ಕೆರೆ ಕಾಲ ಮುಗೀತು. ಇನ್ನೇನಿದ್ರೂ ಬಸ್ಸಿನ ಕಾಲ," ಎಂದರು.

ಓವರ್‌ಸಿಯರ್ ಎದ್ದು, "ಕಸ ಮಣ್ಣು ನಾನು ನೋಡ್ಕೋತೀನಿ. ಆದರೆ ಬಣ್ಣದ ಮನೆಯವರು ಹಂಡೆ ನೀರನ್ನ ಮೋರಿಗೆ ಬಗ್ಗಿಸಬಾರದು. ಹಿತ್ತಲಲ್ಲಿ ಗುಂಡಿ ತೋಡಿ ಅಲ್ಲೇ ಇಂಗಿಸ್ಕೋಬೇಕು. ಅಷ್ಟೊಂದು ಬಣ್ಣ ಇದ್ದಲಿಗೂ ತಡೆಯೋಕಾಗಲ್ಲ," ಎಂದ.

ನೇಕಾರರೆಲ್ಲ ಒಪ್ಪಿದರು. ಮೆಂಬರು ಎಲ್ಲರಿಗಿಂತ ಗಟ್ಟಿಯಾಗಿ, "ನಮ್ಮನೇದು ಒಂದು ತೊಟ್ಟು ಮೋರಿಗೆ ಬೀಳಲ್ಲ. ಯುಗಾದಿಗೆ ಮುಂಚೇನೇ ಗುಂಡಿ ತೋಡಿಸಿದೀನಿ!" ಎಂದು ಎದೆ ತಟ್ಟಿಕೊಂಡರು. ಅಧ್ಯಕ್ಷರು ಮನೆಯಲ್ಲಿ ಹೆಂಡತಿಗೆ ಹೆದರುವ ಸಂಭಾವಿತರು. ಬೇಯದ ಬೇಳೆ ತಿಂದು ತಿಂದು ಅವರಿಗೂ ಸಾಕಾಗಿತ್ತು. ತೀರ್ಪು ಕೊಟ್ಟರು: ಗುಂಡಿಗಳು ಆಗಲಿ. ಅವುಗಳಿಂದ ಬಂದ ನೀರಿನಲ್ಲಿ ಹೆಂಗಸರ ಎದುರಿಗೆ ಬೇಳೆ ಬೇಯಿಸುವುದು. ಹೆಂಗಸರು ಒಪ್ಪಿದರೆ ಕೆರೆ, ಇಲ್ಲದಿದ್ದರೆ ಬಸ್ ಸ್ಟ್ಯಾಂಡ್.

ಗುಂಡಿಗಳೇನೋ ಆದವು. ಆದರೆ ನಮ್ಮ ಜನರಿಗೆ ಬೀದಿಯಲ್ಲಿ ಮರಳಿನ ರಾಶಿ ಕಂಡರೆ ಅದು ಯಾರದ್ದೂ ಅಲ್ಲದ ಕಾರಣ ತಮ್ಮದೇ ಎನ್ನಿಸುತ್ತದೆ. ತೊಳೆದು ಹರಡಿದ ಮರಳು ಕಡಲೆಕಾಯಿ ಹುರಿಯುವವಳ ಬಾಣಲೆ ಸೇರಿತು. ಇದ್ದಲು ಇಸ್ತ್ರಿ ಪೆಟ್ಟಿಗೆಗೆ ಹೋಯಿತು, ಉಳಿದದ್ದರಲ್ಲಿ ಅರ್ಧ ಊರು ಹಲ್ಲು ಉಜ್ಜಿತು. ಓವರ್‌ಸಿಯರ್ ಛತ್ರಿ ಕಂಕುಳಲ್ಲಿಟ್ಟುಕೊಂಡೇ ತಲೆಯ ಮೇಲೆ ಕೈ ಹೊತ್ತು ಕುಳಿತ. ದೊಡ್ಡಮ್ಮ ಹೋಗಿ, "ಏಳಪ್ಪಾ, ಇನ್ನೊಂದ್ಸಲ ತರ್ಸು, ನಾನು ನೋಡ್ಕೋತೀನಿ," ಎಂದು ಅಲ್ಲೇ ಕುಕ್ಕೆ ಇಟ್ಟು ಸೊಪ್ಪು ಮಾರತೊಡಗಿದಳು. ಅಂದಿನಿಂದ ಒಂದು ಹಿಡಿ ಮರಳು ಅಲುಗಲಿಲ್ಲ. ಆದರೆ ನಮ್ಮ ಮನೆಯ ಬಚ್ಚಲೊಲೆಯ ಪಕ್ಕದಲ್ಲಿ ಒಂದು ಬುಟ್ಟಿ ಇದ್ದಲು ನನ್ನ ಕಣ್ಣಿಗೆ ಬಿತ್ತು.

"ಬೇಲಿಯೇ ಎದ್ದು ಹೊಲ ಮೇಯ್ತಾ ದೊಡ್ಡಮ್ಮ?" ಎಂದೆ.

"ಬೇಲೀನೂ ಉಣ್ಬೇಕಲ್ವೇನೇ?" ಎಂದಳು.

ಅದೇ ದಿನಗಳಲ್ಲಿ ಮೆಂಬರ ಮಗಳ ಮದುವೆ ಶ್ರಾವಣಕ್ಕೆ ನಿಶ್ಚಯವಾಗಿತ್ತು. ಮೆಂಬರ ಹೆಂಡತಿ, ಊರಿನವರ ಬಾಯಲ್ಲಿ ಮೆಂಬರಮ್ಮ, ಒಂದು ಸಂಜೆ ನಮ್ಮ ಬೇಲಿಯ ಬಳಿ ಬಂದು ನಿಂತರು. ಒಳ್ಳೆಯ ಹೆಂಗಸು, ಗುಟ್ಟೊಂದನ್ನು ಬಿಟ್ಟು ಏನನ್ನು ಬೇಕಾದರೂ ಇಟ್ಟುಕೊಳ್ಳಬಲ್ಲವರು.

"ಅಕ್ಕಾ, ಯಾರಿಗೂ ಹೇಳ್ಬೇಡಿ. ಧಾರೆ ಸೀರೆಗೆ ಊರಲ್ಲಿ ಯಾರೂ ಉಡದೇ ಇರೋ ಬಣ್ಣ ಆಗ್ಬೇಕು ಅಂತ ಮಗಳ ಹಟ. ನಿಮ್ಮ ಬೇಲಿ ಹಣ್ಣಿನ ಬಣ್ಣ ನೋಡಿ. ಒಂದೆರಡು ಕೊಡಿ, ಬಣ್ಣ ಹಾಕೋನಿಗೆ ತೋರಿಸ್ತೀನಿ."

ಪಾಪಾಸುಕಳ್ಳಿಯ ಮಾಗಿದ ಹಣ್ಣು ತಿಂದವರಿಗೆ ಅದರ ಬಣ್ಣವನ್ನು ವಿವರಿಸಬೇಕಾಗಿಲ್ಲ. ಕೆಂಪೂ ಅಲ್ಲ, ನೇರಳೆಯೂ ಅಲ್ಲ. ನಾಲಿಗೆಗೆ ಹತ್ತಿದರೆ ಮಾರನೆಯ ದಿನವೂ ಹೋಗದು. ದೊಡ್ಡಮ್ಮ ಬಟ್ಟೆಯಲ್ಲಿ ಹಿಡಿದು ಮುಳ್ಳು ಒರೆಸಿ ಹಣ್ಣು ಕೊಟ್ಟಳು. ಕೆಲವು ದಿನಗಳ ಮೇಲೆ ಸೊಪ್ಪು ಕೊಡಲು ಹೋದಾಗ ಮೆಂಬರಮ್ಮ ಅವಳನ್ನು ಒಳಗೆ ಕರೆದು ಬಣ್ಣ ಕುಡಿದ ನೂಲಿನ ಲಡಿ ತೋರಿಸಿದರಂತೆ. "ಥೇಟ್ ನಮ್ಮ ಹಣ್ಣೇ ಕಣೇ," ಎಂದು ದೊಡ್ಡಮ್ಮ ನನಗೆ ಬಂದು ಹೇಳಿದಳು. ಹೇಳುವಾಗ ಅವಳ ಕಣ್ಣಿನಲ್ಲಿ ಸಣ್ಣ ಆಸೆಯೊಂದು ಕಂಡಂತಾಯಿತು. ನಾನು ಕೇಳಲಿಲ್ಲ. ಬೂದಿ ಬಣ್ಣದ ಸೆರಗಿನಲ್ಲಿ ಕೈ ಒರೆಸಿಕೊಂಡು ಒಲೆ ಊದಲು ಕುಳಿತಳು.

ಆಷಾಢದಲ್ಲಿ ಒಳ್ಳೆಯ ಮಳೆ ಶುರುವಾಯಿತು. ಆದರೆ ಆಷಾಢದಲ್ಲಿ ಶುಭಕಾರ್ಯ ಮಾಡುವವರುಂಟೇ? ಬೇಳೆ ಬೇಯಿಸುವುದಕ್ಕೂ ಮುಹೂರ್ತ ಬೇಕೆಂದು ಅಧ್ಯಕ್ಷರು ಪುರೋಹಿತರನ್ನು ಕೇಳಿದರು. ಪುರೋಹಿತರು ಪಂಚಾಂಗ ಬಿಡಿಸಿ, ಆಷಾಢ ಮುಗಿಯಲಿ, ಭೀಮನ ಅಮಾವಾಸ್ಯೆ ಕಳೆದ ಮಾರನೆಯ ದಿನವೇ ಶ್ರಾವಣ ಸೋಮವಾರ, ಅದಕ್ಕಿಂತ ಪ್ರಶಸ್ತ ದಿನ ಇನ್ನೊಂದಿಲ್ಲ ಎಂದರು. ಎಲ್ಲರೂ ತಲೆದೂಗಿದರು. ಓವರ್‌ಸಿಯರ್ ಕೂಡ. ಪರ ಊರಿನವನು, ಅವನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದ ನಮಗೂ ಹೊಳೆಯಲಿಲ್ಲ. ಅಮಾವಾಸ್ಯೆಯ ದಿನ ಆ ಊರಿನಲ್ಲಿ ಮಗ್ಗ ಆಡುವುದಿಲ್ಲ. ಮಗ್ಗ ನಿಂತ ದಿನವೇ ಬಣ್ಣದ ಮನೆಯವರು ಹಂಡೆ ಬಗ್ಗಿಸಿ, ತಿಕ್ಕಿ ತೊಳೆದು, ಬೋರಲು ಹಾಕುವುದು. ಅಪ್ಪ ಅಜ್ಜನ ಕಾಲದಿಂದ ಬಂದ ಪದ್ಧತಿ. ಒಳ್ಳೆಯ ದಿನ ಹುಡುಕಿ ಹುಡುಕಿ, ತಿಂಗಳಲ್ಲೇ ಮೋರಿ ಅತ್ಯಂತ ರಂಗಾಗಿರುವ ದಿನದ ಬೆನ್ನಿಗೇ ಹೋಗಿ ಕುಳಿತಿದ್ದೆವು.

ಬೀದಿಯ ಉಳಿದವರು ಕೊಟ್ಟ ಮಾತಿನಂತೆ ಹಿತ್ತಲ ಗುಂಡಿಗೆ ಬಗ್ಗಿಸಿದರು. ಮೆಂಬರ ಮನೆಯಲ್ಲಿ ಗುಂಡಿ ಇದ್ದದ್ದು ಅವರ ಭಾಷಣದಲ್ಲಿ ಮಾತ್ರ. ಅವರ ಬಣ್ಣದ ಮನೆಯ ಆಳುಗಳು ಎಂದಿನಂತೆ ಹಂಡೆಯನ್ನು ಮೋರಿಗೆ ಬಗ್ಗಿಸಿ ಗಂಡನ ಪೂಜೆಯ ಪಾಯಸ ತಿನ್ನಲು ಮನೆಗೆ ಹೋದರು. ಸಂಜೆ ಜೋರು ಮಳೆ ಸುರಿಯಿತು. ಶುಭ ಶಕುನ ಎಂದು ಊರೆಲ್ಲ ಹಿಗ್ಗಿತು.

ಮಾರನೆಯ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ನಾನೂ ಹೋದೆ. ಕೊನೆಯ ಗುಂಡಿಯ ಪಕ್ಕದಲ್ಲಿ ಮೂರು ಕಲ್ಲಿನ ಒಲೆ ಹೂಡಿದ್ದರು. ಪ್ರತಿ ಬೀದಿಯಿಂದಲೂ ಹೆಂಗಸರು ಬಂದಿದ್ದರು. ತೀರ್ಪು ಹೇಳಬೇಕಾದವಳು ಮೇಲಿನ ಬೀದಿಯ ಹಲ್ಲಿಲ್ಲದ ಅಜ್ಜಿ. ಅವಳ ವಸಡಿಗೆ ಬೆಂದರೆ ಊರಿಗೇ ಬೆಂದ ಹಾಗೆ. ಹಿತ್ತಾಳೆ ಕೊಡದಲ್ಲಿ ನೀರು ತುಂಬುವಾಗ ಏನೂ ತಿಳಿಯಲಿಲ್ಲ. ಬೆಳ್ಳಗೆ ಬೆಳಗಿದ ಅಲ್ಯೂಮಿನಿಯಂ ಪಾತ್ರೆಗೆ ಸುರಿದಾಗ ಎಲ್ಲರೂ ಒಮ್ಮೆಗೇ ಪಾತ್ರೆಯ ಮೇಲೆ ಬಗ್ಗಿದರು.

ನೀರು ತಿಳಿಯಾಗಿತ್ತು. ಒಂದು ಕಸವಿಲ್ಲ, ಒಂದು ಚೂರು ಮಣ್ಣಿಲ್ಲ, ವಾಸನೆಯಿಲ್ಲ. ಆದರೆ ತೆಳ್ಳಗೆ, ಚೆಂದವಾಗಿ, ನಾಚಿಕೊಂಡವರ ಕೆನ್ನೆಯಂತೆ ರಂಗೇರಿತ್ತು.

ಓವರ್‌ಸಿಯರನ ಛತ್ರಿ ಕೆಳಗೆ ಬಿತ್ತು. ನಾನು ದೊಡ್ಡಮ್ಮನ ಕೈ ಹಿಡಿದುಕೊಂಡೆ. ನನಗೆ ಬಾವಿಯ ಪಾರಿವಾಳಗಳ ಸದ್ದು ಅಲ್ಲಿಗೇ ಕೇಳಿಸಿದಂತಾಯಿತು.

"ಒಲೆ ಹತ್ತಿಸಿ ಆಯ್ತು, ಬೇಳೆ ಹಾಕ್ರೇ. ಬೇಯುತ್ತಾ ನೋಡೋಣ," ಎಂದಳು ಅಜ್ಜಿ, ಯಾರಿಗೂ ಕಾಯದೆ. ಬೇಳೆ ಬಿತ್ತು. ಅದು ಎಂಥ ಬೇಯುವುದು ಅಂತೀರಿ! ಎರಡು ಕುದಿ ಬರುವಷ್ಟರಲ್ಲಿ ಒಡೆದು ಕರಗಿ ಪಾತ್ರೆಯ ತುಂಬ ಉಕ್ಕಿತು. ಅಜ್ಜಿ ಸೌಟಿನ ತುದಿಯಿಂದ ಒಂದು ಕಾಳು ತೆಗೆದು ಬೆರಳಿನಲ್ಲಿ ಹಿಸುಕಿದಳು. "ಬೆಣ್ಣೆ!" ಎಂದಳು. ಆಮೇಲೆ ಬೆರಳನ್ನು ನೋಡಿಕೊಂಡಳು. "ಆದ್ರೆ ಬಣ್ಣ ಯಾರ್ದು?"

ಮೆಂಬರಿಗೆ ಅಷ್ಟು ಸಾಕಾಯಿತು. ಗುಂಡಿಯ ಕಟ್ಟೆ ಹತ್ತಿ ನಿಂತರು.

"ನೋಡಿದ್ರಾ? ನಾನು ಮೊದ್ಲಿಂದ ಬಡ್ಕೊಂಡೆ, ಬೀದಿ ನೀರು ಬೀದಿ ನೀರೇ. ಯಾವನೋ ಹಂಡೆ ಬಗ್ಗಿಸಿದಾನೆ. ಯಾರು ಅಂತ ಗೊತ್ತಾದ್ರೆ ಅವನ ಮನೆ ಬಾಗ್ಲಲ್ಲೇ ಗುಂಡಿ ತೋಡಿಸ್ತೀನಿ, ನಾನೇ ನಿಂತು ಕೆರೆಗೆ ನೀರು ಬಿಡಿಸ್ತೀನಿ! ಗೊತ್ತಾಗೋದು ಹೆಂಗೆ? ಅದಕ್ಕೇ ಹೇಳಿದ್ದು, ಬಸ್ ಸ್ಟ್ಯಾಂಡೇ ಸರಿ."

ದೊಡ್ಡಮ್ಮ ನನ್ನ ಕೈ ಬಿಡಿಸಿಕೊಂಡು ನಿಧಾನವಾಗಿ ಮುಂದೆ ಹೋದಳು. ಕೊಡದಲ್ಲಿ ಮಿಕ್ಕಿದ್ದ ನೀರನ್ನು ಬಿಳಿಯ ಪಿಂಗಾಣಿ ತಟ್ಟೆಗೆ ಬಗ್ಗಿಸಿ ನೋಡಿದಳು. ತಲೆಯೆತ್ತಿ ಮೆಂಬರಮ್ಮನ ಕಡೆ ನೋಡಿದಳು. ಮೆಂಬರಮ್ಮ ತಮ್ಮ ಕಾಲುಂಗುರ ನೋಡುತ್ತಿದ್ದರು. ದೊಡ್ಡಮ್ಮನ ತುಟಿಯ ಮೂಲೆ ಅಲುಗಿದ್ದು ಕಂಡು ನನಗೂ ಬಣ್ಣದ ಗುರುತು ಸಿಕ್ಕಿತು. ಈಗ ಹೇಳುತ್ತಾಳೆ, ಈ ಮನುಷ್ಯನ ಮಾನವನ್ನು ಬೇಳೆಯ ಜೊತೆಗೇ ಬೇಯಿಸುತ್ತಾಳೆ ಎಂದು ನಾನು ತುದಿಗಾಲಲ್ಲಿ ನಿಂತೆ.

"ಹೋಗವ್ವಾ," ಎಂದಳು ನನಗೆ, "ನಮ್ಮ ಬೇಲೀಲಿ ಚೆನ್ನಾಗಿ ಹಣ್ಣಾಗಿರೋದು ಒಂದು ಕಿತ್ಕೊಂಡು ಬಾ."

ಮನೆ ಏರಿಯ ಕೆಳಗೇ ಇತ್ತು. ಸೀರೆ ಎತ್ತಿಕೊಂಡು ಓಡಿ, ಅವಸರದಲ್ಲಿ ಬೆರಳ ತುಂಬ ಮುಳ್ಳು ಮಾಡಿಕೊಂಡು ತಂದೆ. ದೊಡ್ಡಮ್ಮ ಇನ್ನೊಂದು ತಟ್ಟೆಯಲ್ಲಿ ಪೇಟೆ ಬಾವಿಯ ನೀರು ಹಾಕಿಸಿ ಹಣ್ಣನ್ನು ಅದರಲ್ಲಿ ಹಿಂಡಿದಳು. ಎರಡೂ ತಟ್ಟೆಗಳನ್ನು ಅಕ್ಕಪಕ್ಕ ಇಟ್ಟಳು. ಒಂದೇ ಬಣ್ಣ.

"ಹಂಡೆ ಗಿಂಡೆ ಏನಿಲ್ಲ ಬಿಡ್ರಪ್ಪಾ. ಹಕ್ಕಿಗಳು ಕಚ್ಚಿ ನಮ್ಮ ಬೇಲಿ ಹಣ್ಣು ನೀರಿಗೆ ಕೆಡವಿರ್ತವೆ. ತಪ್ಪು ನಂದೇ," ಎಂದಳು. ಆಮೇಲೆ ಬಹಳ ಮೆತ್ತಗೆ, "ಅಲ್ವಾ ಮೆಂಬರಪ್ಪಾ? ನೀವು ಬಣ್ಣ ಬಲ್ಲೋರು. ಚೆನ್ನಾಗಿ ನೋಡಿ ಹೇಳಿ. ಈ ಬಣ್ಣ ಇನ್ಯಾರ ಮನೇಲಾದ್ರೂ ಐತಾ?"

ಮೆಂಬರು ಕಟ್ಟೆ ಇಳಿದು ತಟ್ಟೆ ನೋಡಿದರು. ಹೆಂಡತಿಯನ್ನು ನೋಡಿದರು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಹಣ್ಣೇ... ಹಣ್ಣೇ ಅದು. ನಮ್ಮನೇಲಂತೂ ಈ ಬಣ್ಣ ಇಲ್ವೇ ಇಲ್ಲ," ಎಂದರು. ಅವರ ಮನೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

"ಹಂಗಾದ್ರೆ ಹಣ್ಣಿನ ಬೇಳೆ ತಿನ್ನೋಕೇನು ಅಡ್ಡಿ?" ಎಂದಳು ದೊಡ್ಡಮ್ಮ, ಒಂದು ಸೌಟು ಬೇಳೆಯನ್ನು ಎಲೆಯ ಮೇಲೆ ಹಾಕುತ್ತ. "ಮೊದಲ ತುತ್ತು ಮೆಂಬರಪ್ಪಂದೇ ಆಗ್ಲಿ."

ತನ್ನ ಹಂಡೆಯ ಬಣ್ಣದಲ್ಲಿ ಬೆಂದ ಬೇಳೆಯ ಮುಂದೆ ಆ ಮನುಷ್ಯ ನಿಂತ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಎಲೆ ಕೈಗೆ ಬಂದಿತ್ತು. ಊರು ನೋಡುತ್ತಿತ್ತು. ಆಗ ಮೆಂಬರಮ್ಮ ಮುಂದೆ ಬಂದು ಎಲೆ ಇಸಿದುಕೊಂಡರು.

"ಇವರು ತಿನ್ನಂಗಿಲ್ಲ. ಶ್ರಾವಣ ಸೋಮವಾರ, ಇವರದ್ದು ಉಪವಾಸ. ಸಂಜೆವರೆಗೂ ನೀರೂ ಮುಟ್ಟಲ್ಲ."

ಬೆಳಿಗ್ಗೆ ಮೆಂಬರು ಹೋಟೆಲಿನಲ್ಲಿ ಇಡ್ಲಿ ವಡೆ ತಿಂದದ್ದನ್ನು ಅಲ್ಲಿದ್ದ ಅರ್ಧ ಜನ ನೋಡಿದ್ದರು. ಹೋಟೆಲಿನವನೂ ಅಲ್ಲೇ ಇದ್ದ. ಯಾರೂ ತುಟಿ ಬಿಚ್ಚಲಿಲ್ಲ. ಆದರೆ ಸಂಜೆಯವರೆಗೆ ಊರಿನ ಒಂದೊಂದು ಕಣ್ಣೂ ಅವರನ್ನು ಹಿಂಬಾಲಿಸಿ, ಆ ಬಡಪಾಯಿ ನಿಜವಾಗಿಯೂ ಉಪವಾಸ ಮಾಡಬೇಕಾಯಿತು. ಬೇಳೆಯನ್ನು ಓವರ್‌ಸಿಯರ್ ಗುಂಡಿ ತೆಗೆದು ಹೂಳಿದ. ರಂಗಿನ ನೀರನ್ನು ಬೀಳಿಗೆ ಬಿಟ್ಟು, ಗುಂಡಿ ತೊಳೆಸಿ, ಹೊಸ ಇದ್ದಲು ಹಾಸಿದ. ಅಧ್ಯಕ್ಷರು ಹೆಂಡತಿಯ ಮುಖ ನೋಡಿಕೊಂಡು, ಬೇಳೆ ಬೆಂದಿದೆ, ಆದ್ದರಿಂದ ಕೆರೆ ಎಂದು ಘೋಷಿಸಿದರು.

ಮನೆಗೆ ಬಂದ ಮೇಲೆ ನಾನು ಮುಳ್ಳು ಕೀಳಿಸಿಕೊಳ್ಳುತ್ತ ದೊಡ್ಡಮ್ಮನ ಮೇಲೆ ಹರಿಹಾಯ್ದೆ. ಸಿಕ್ಕಿಬಿದ್ದ ಕಳ್ಳನನ್ನು ಬಿಟ್ಟಳೆಂದು ನನಗೆ ಕೆಂಡದಂಥ ಕೋಪ.

"ಎಲ್ಲರ ಮುಂದೆ ಹೇಳೋದಲ್ವಾ? ಅವರ ಮಾನ ಹೋಗ್ತಿತ್ತು!"

"ಅವನ ಮಾನ ಇಸ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?" ಎಂದಳು ಪಿನ್ನಿನಿಂದ ನನ್ನ ಬೆರಳು ಕೆದಕುತ್ತ. "ನಂಗೆ ನೀರು ಬೇಕಾಗಿತ್ತು. ಮಾನ ಹೋದೋನು ಹಟಕ್ಕೆ ಬಿದ್ದು ಕೆರೆ ಮುಚ್ಚಿಸ್ತಾನೆ. ಮಾನ ಉಳಿದೋನು ಗುಂಡಿ ತೋಡ್ತಾನೆ. ಕೈ ನೆಟ್ಟಗಿಡು."

ಮಾರನೆಯ ಬೆಳಿಗ್ಗೆಯೇ ಮೆಂಬರ ಹಿತ್ತಲಿನಲ್ಲಿ ಗುದ್ದಲಿಯ ಸದ್ದು ಕೇಳಿಸಿತು.

ಆ ಸಲ ಮಳೆಯೂ ದೊಡ್ಡಮ್ಮನ ಪಕ್ಷ ವಹಿಸಿತು. ಪ್ರತಿ ಮಳೆಗೂ ಊರಿನ ಬೀದಿಗಳು ಮಿಂದ ನೀರು ಗುಂಡಿಗಳಲ್ಲಿ ಕುಳಿತು, ಮರಳಿನಲ್ಲಿ ಇಳಿದು, ಜೊಂಡಿನ ನಡುವೆ ಸದ್ದಿಲ್ಲದೆ ನಡೆದು ಕೆರೆ ಸೇರಿತು. ಈ ನಡುವೆ ಮೆಂಬರ ಮಗಳ ಮದುವೆ ಬಂತು. ಧಾರೆಯ ಹೊತ್ತಿಗೆ ಹುಡುಗಿ ಆ ಸೀರೆ ಉಟ್ಟು ಬಂದಾಗ ಚಪ್ಪರದಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಈ ಬಣ್ಣ ಎಲ್ಲೋ ನೋಡಿದಂಗೈತಲ್ಲ," ಎಂದು ಯಾರೋ ಅಂದರು. ಹಲ್ಲಿಲ್ಲದ ಅಜ್ಜಿ ಗಟ್ಟಿಯಾಗಿ, "ಬೇಳೆ!" ಎಂದಳು. ಚಪ್ಪರಕ್ಕೆ ಚಪ್ಪರವೇ ಸೆರಗು ಬಾಯಿಗೆ ಅಡ್ಡ ಹಿಡಿದು ಕೆಮ್ಮಿತು. ದೊಡ್ಡಮ್ಮ ಹಿಂದಿನ ಸಾಲಿನಲ್ಲಿ ಗಂಭೀರವಾಗಿ ಕುಳಿತಿದ್ದಳು.

ಮದುವೆ ಮುಗಿದ ಕೆಲವು ದಿನಕ್ಕೆ ಮೆಂಬರಮ್ಮ ಸೊಪ್ಪು ಕೊಳ್ಳುವ ನೆಪದಲ್ಲಿ ಬಂದು, ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ಜಗಲಿಯ ಮೇಲೆ ಇಟ್ಟರು.

"ಅಕ್ಕಾ, ಮಗ್ಗಕ್ಕೆ ಒಂದ್ಸಲ ಹಾಸು ಹಾಕಿದ್ರೆ ಒಂದೇ ಸೀರೆ ಬರಲ್ಲ. ಮಗಳದ್ದರ ಜೊತೆ ನೇಯ್ದದ್ದು, ಇದೊಂದು ಮಿಕ್ಕಿತ್ತು."

ದೊಡ್ಡಮ್ಮ ಗಂಟು ಬಿಚ್ಚಿದಳು. ಸೀರೆಯ ಮೇಲೆ ಕೈಯಿಟ್ಟು ತೆಗೆಯಲೇ ಇಲ್ಲ.

"ನಾನಿದ್ನ ಉಟ್ಕೊಂಡ್ರೆ... ಊರು ಏನನ್ನುತ್ತೆ ತಾಯಿ?"

"ಬೇಲಿ ಹಣ್ಣು ಬಿದ್ದು ಬಣ್ಣ ಆಯ್ತು ಅನ್ನಿ," ಎಂದರು ಮೆಂಬರಮ್ಮ, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. ಆಮೇಲೆ ಇಬ್ಬರೂ ನಕ್ಕರು. ನಗುತ್ತ ನಗುತ್ತ ದೊಡ್ಡಮ್ಮ ಅತ್ತಳು. ಹೊಗೆಯ ನೆಪ ಹೇಳಲು ಅಲ್ಲಿ ಒಲೆಯೂ ಇರಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬದ ಬೆಳಿಗ್ಗೆ ಮೈದುನ ಮೆಟಡೋರ್ ವ್ಯಾನು ಬಾಡಿಗೆಗೆ ತೆಗೆದುಕೊಂಡೇ ಬಂದ. ಪಾತ್ರೆ ಪಡಗ ಹಾಕಿಕೊಂಡು ಹೋಗಲು. ನಾನು ಜಗಲಿಯಲ್ಲಿ ಹಂಡೆಗೆ ಸುಣ್ಣದ ಪಟ್ಟೆ ಬಳಿಯುತ್ತಿದ್ದೆ. ಅವನು ನನ್ನನ್ನು ನೋಡದೆ ನೇರವಾಗಿ ಬೇಲಿಯ ಬಳಿಗೆ ಹೋದ. ಬಾವಿಕಟ್ಟೆಯ ಹತ್ತಿರ ಆ ಬಣ್ಣದ ಹೊಸ ಸೀರೆ ಉಟ್ಟ ಹೆಂಗಸೊಬ್ಬಳು ಬೆನ್ನು ಹಾಕಿ ನೀರು ಸೇದುತ್ತಿದ್ದಳು. ಹಗ್ಗ ಬಹಳ ಇಳಿಯಬೇಕಾಗಿರಲಿಲ್ಲ. ಯಾರೋ ಹಬ್ಬಕ್ಕೆ ಬಂದ ನೆಂಟರೆಂದು ಅವನು ತಿಳಿದ.

"ಏನಮ್ಮಾ, ನಮ್ಮತ್ತಿಗೆ ಇಲ್ವಾ?"

ಕೊಡ ಮೇಲೆ ಬಂದು ಕಟ್ಟೆಯ ಮೇಲೆ ಕುಳಿತಿತು. ಅವಳು ತಿರುಗಲಿಲ್ಲ.

"ನಿಮ್ಮತ್ತಿಗೆ ಹೋಗಾಯ್ತಲ್ಲಪ್ಪಾ," ಎಂದಳು. "ಬಾವೀಲಿದ್ದ ಪಾರಿವಾಳ ಎದ್ದು ಹೋದ್ವು ನೋಡು, ಅವುಗಳ ಜೊತೇಲೇ ಹೋದ್ಲು."

ದನಿ ಕೇಳಿ ಅವನು ಬೆಚ್ಚಿದ. ಬಾವಿಯನ್ನು ನೋಡಿದ, ಸೀರೆಯನ್ನು ನೋಡಿದ, ಮತ್ತೆ ಬಾವಿಯನ್ನು ನೋಡಿದ. ಆಗ ದೊಡ್ಡಮ್ಮ ತಿರುಗಿ ಚೊಂಬು ತುಂಬ ನೀರು ಮುಂದೆ ಹಿಡಿದಳು.

"ಇಷ್ಟು ದೂರ ಬಂದಿದ್ದೀಯ. ಒಳಗೆ ಬಾ, ಬೇಳೆ ಬೇಯೋಕೆ ಇಟ್ಟಿದ್ದೀನಿ, ಉಂಡ್ಕೊಂಡು ಹೋಗು."

ಅವನು ನಿಂತಲ್ಲೇ ನೀರು ಕುಡಿದು, ವ್ಯಾನಿನವನನ್ನೂ ಊಟಕ್ಕೆ ಕರೆದ.